ಗಾಳಿ ಎತ್ತ, ಬಿಸಿಲು ಎತ್ತ, ನೀವು ಎತ್ತ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಹಕ್ಕಿ ಫೋಟೋಗ್ರಫಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಾಳಿ ಮತ್ತು ಬೆಳಕಿನ ಸುತ್ತಲೇ ಇದ್ದವು. ಹಾಗಾಗಿ ಅವನ್ನೇ ಆರಿಸಿಕೊಂಡಿದ್ದೇನೆ. ಒಂದೇ ಥರದವು ಮೂರ್ನಾಲ್ಕು ಬಂದಿದ್ದ ಕಡೆ ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಬೆಳಗ್ಗೆ ಬೇಗ ಕೆರೆ ದಂಡೆಗೆ ಹೋಗಿ ಕೂರುತ್ತೇನೆ. ಸೂರ್ಯ ಬೆನ್ನಿಗೆ ಬರುವ ಹಾಗೆ ಜಾಗ ಹಿಡಿಯುತ್ತೇನೆ. ಬೆಳಕು ಚೆನ್ನಾಗಿರುತ್ತದೆ, ಸೆಟ್ಟಿಂಗ್ ಕೂಡ ಸರಿ ಇರುತ್ತದೆ. ಆದರೂ ಬೆಳ್ಳಕ್ಕಿ ಬಂದು ಇಳಿಯುವ ಫೋಟೋ ತೆಗೆದರೆ ಬರೀ ಬೆನ್ನು, ಬಾಲ. ಒಂದೇ ಒಂದು ದಿನ ಎಲ್ಲವೂ ನನ್ನ ಎದುರಿಗೇ ಮುಖ ಮಾಡಿ ಇಳಿದವು. ಇದು ಬರೀ ಅದೃಷ್ಟವೇ?

ಉತ್ತರ: ಅದೃಷ್ಟ ಅಲ್ಲ. ಆ ಒಂದು ದಿನ ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿತ್ತು, ಮಿಕ್ಕ ದಿನ ನಿಮ್ಮ ಮುಖಕ್ಕೆ ಬೀಸುತ್ತಿತ್ತು. ನಿಮ್ಮ ಫೋಟೋ ನೋಡದೆಯೇ ಇಷ್ಟು ಹೇಳಬಹುದು.

ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ವಿಮಾನವೂ ಹಾಗೇ ಅಲ್ವಾ. ರೆಕ್ಕೆಯ ಮೇಲೆ ಎಷ್ಟು ವೇಗವಾಗಿ ಗಾಳಿ ಹರಿಯುತ್ತದೆ ಅನ್ನುವುದರ ಮೇಲೆ ಅದು ತೇಲುವುದು ನಿಂತಿದೆ. ಎದುರಿನಿಂದ ಗಾಳಿ ಬೀಸುತ್ತಿದ್ದರೆ ಆ ಹರಿವು ಅರ್ಧ ಪುಕ್ಕಟೆ ಸಿಕ್ಕ ಹಾಗೆ. ನೆಲದ ಲೆಕ್ಕದಲ್ಲಿ ನಿಧಾನವಾಗಿ ಬಂದರೂ ಬೀಳುವುದಿಲ್ಲ. ಬೆನ್ನ ಹಿಂದಿನ ಗಾಳಿಯಲ್ಲಿ ಇಳಿಯಲು ಹೋದರೆ ದಡಕ್ಕನೆ ನೆಲಕ್ಕೆ ಬಡಿಯಬೇಕಾಗುತ್ತದೆ. ಬೆಳ್ಳಕ್ಕಿಗೆ ಉದ್ದ ಕಾಲು, ತೆಳ್ಳನೆ ಮೂಳೆ. ಅದು ಆ ಅಪಾಯಕ್ಕೆ ಕೈ ಹಾಕುವುದಿಲ್ಲ. ಗಾಳಿಯ ಜೊತೆ ಬಂದರೂ ಜಾಗದ ಮೇಲೆ ಒಂದು ಸುತ್ತು ಹೊಡೆದು, ತಿರುಗಿ, ಗಾಳಿಗೆ ಎದೆ ಕೊಟ್ಟು ಇಳಿಯುತ್ತದೆ.

ಕೂತ ಮೇಲೂ ಇದೇ ಕಥೆ. ಗಾಳಿ ಹಿಂದಿನಿಂದ ಬೀಸಿದರೆ ಗರಿಯೆಲ್ಲ ಎದ್ದು ಮೈಗೆ ಚಳಿ ನುಗ್ಗುತ್ತದೆ. ಆದ್ದರಿಂದ ಕೊಂಬೆಯ ಮೇಲಾಗಲಿ ಮರಳ ಮೇಲಾಗಲಿ ಹಕ್ಕಿ ಗಾಳಿ ಬರುವ ಕಡೆಗೇ ಮುಖ ಮಾಡಿ ಕೂರುತ್ತದೆ.

ಹಾಗಾಗಿ ಸೂರ್ಯನ ಜೊತೆ ಗಾಳಿಯೂ ನಿಮ್ಮ ಬೆನ್ನ ಹಿಂದೆ ಇರಬೇಕು. ಬೆಳಗ್ಗೆ ಸೂರ್ಯ ಮೂಡಣದಲ್ಲಿ. ಆಗ ಮೂಡಣ ಗಾಳಿ, ಅಂದರೆ ಪೂರ್ವದಿಂದ ಬೀಸುವ ಗಾಳಿ, ಇದ್ದರೆ ಹಬ್ಬ. ಸಂಜೆ ಪಡುವಣ ಗಾಳಿ ಬೇಕು. ಬೆಳಗ್ಗೆ ಪಡುವಣ ಗಾಳಿ ಬೀಸುತ್ತಿದ್ದರೆ ಸೂರ್ಯನಿಗೆ ಬೆನ್ನು ಕೊಟ್ಟು ಕೂತ ನಿಮಗೆ ಹಕ್ಕಿಯ ಬಾಲವೇ ಕಾಣುವುದು. ನಿಮಗೆ ಆಗಿದ್ದು ಅದೇ. ಬೆಳಕು ನೋಡಿ ಜಾಗ ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಗಾಳಿ ನೋಡಿ ಜಾಗ ಹಿಡಿಯುವುದಕ್ಕೆ ನನಗೆ ವರ್ಷಗಳೇ ಹಿಡಿದವು, ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಮುಂಜಾವುಗಳು ಉಳಿಯುತ್ತಿದ್ದವೋ ಅಂತ ಈಗಲೂ ಅನ್ನಿಸುತ್ತದೆ.

ಪ್ರಶ್ನೆ: ಫೋನಿನಲ್ಲಿ ಗಾಳಿಯ ದಿಕ್ಕು ತೋರಿಸುವ ಆ್ಯಪ್ ಇದೆ. ಅದನ್ನೇ ನಂಬಬಹುದಾ?

ಉತ್ತರ: ಹಿಂದಿನ ರಾತ್ರಿ ಯಾವ ದಂಡೆಗೆ ಹೋಗಬೇಕು ಅಂತ ತೀರ್ಮಾನಿಸಲು ಸಾಕು. ಆದರೆ ಒಂದು ವಿಷಯ ಗಮನಿಸಿ, ಹವಾಮಾನದ ಭಾಷೆಯಲ್ಲಿ ಗಾಳಿಗೆ ಅದು ಎಲ್ಲಿಂದ ಬರುತ್ತದೋ ಆ ದಿಕ್ಕಿನ ಹೆಸರು. ಕೆಲವು ಆ್ಯಪ್‌ಗಳಲ್ಲಿ ಬಾಣದ ಗುರುತು ಗಾಳಿ ಹೋಗುವ ಕಡೆಗೆ ಇರುತ್ತದೆ. ಇದರಲ್ಲಿ ಗೊಂದಲವಾಗಿ ಉಲ್ಟಾ ದಂಡೆಗೆ ಹೋದವರು ತುಂಬಾ ಜನ.

ಜಾಗಕ್ಕೆ ಹೋದ ಮೇಲೆ ಫೋನ್ ಜೇಬಿಗೆ ಹಾಕಿ. ಮರದ ಸಾಲು, ಗುಡ್ಡ, ಏರಿ, ಎಲ್ಲವೂ ಗಾಳಿಯನ್ನು ತಿರುಗಿಸುತ್ತವೆ. ಕಣ್ಣು ಮುಚ್ಚಿ ನಿಧಾನವಾಗಿ ಮುಖ ತಿರುಗಿಸುತ್ತಾ ಹೋಗಿ. ಎರಡೂ ಕಿವಿಯಲ್ಲಿ ಗಾಳಿಯ ಸದ್ದು ಒಂದೇ ಸಮ ಕೇಳಿಸಿದಾಗ ನೀವು ಗಾಳಿಗೆ ನೇರ ಎದುರಿಗಿದ್ದೀರಿ. ಒಣ ಹುಲ್ಲಿನ ಚೂರು ಹಾರಿಸಿ ನೋಡಬಹುದು. ಎಲ್ಲಕ್ಕಿಂತ ಸುಲಭ, ಹಕ್ಕಿಗಳನ್ನೇ ನೋಡುವುದು. ನೀರಿನ ಮೇಲೆ ಆರಾಮವಾಗಿ ತೇಲುತ್ತಿರುವ ಬಾತುಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಗಾಳಿ ಬರುತ್ತಿರುವುದು ಅಲ್ಲಿಂದಲೇ.

ಗಾಳಿ ಎಷ್ಟಿದೆ ಅಂತ ಅಳೆಯಲು ಬ್ಯೂಫೋರ್ಟ್ ಮಾಪಕ ಇಟ್ಟುಕೊಳ್ಳಿ, ಅದು ಉಪಕರಣ ಅಲ್ಲ, ಕಣ್ಣಿಗೆ ಕಾಣುವ ಗುರುತು ನೋಡಿ ಗಾಳಿಗೆ ಅಂಕಿ ಕೊಡುವ ಪಟ್ಟಿ. ಫ್ರಾನ್ಸಿಸ್ ಬ್ಯೂಫೋರ್ಟ್ ಅನ್ನುವ ನೌಕಾಪಡೆಯ ಅಧಿಕಾರಿ 1805ರಲ್ಲಿ ಹಡಗಿನವರಿಗಾಗಿ ಮಾಡಿದ್ದು, ಆಮೇಲೆ ನೆಲಕ್ಕೂ ಬಂತು. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ 2, ಗಂಟೆಗೆ 6ರಿಂದ 11 ಕಿಲೋಮೀಟರ್. ಎಲೆ, ಸಣ್ಣ ಕಡ್ಡಿ ಬಿಡದೆ ಅಲುಗುತ್ತಿದ್ದರೆ 3, ಅಂದರೆ 12ರಿಂದ 19. ಧೂಳು, ಕಾಗದ ಎದ್ದು ಚಿಕ್ಕ ಕೊಂಬೆ ತೂಗಿದರೆ 4, 20ರಿಂದ 28. ಹಾರುವ ಹಕ್ಕಿಗೆ ನನಗೆ 3, 4 ಇಷ್ಟ. ಅದಕ್ಕಿಂತ ಕಡಿಮೆ ಇದ್ದರೆ ಹಕ್ಕಿ ತನಗೆ ತೋಚಿದ ಕಡೆಯಿಂದ ಇಳಿಯುತ್ತದೆ, ಊಹಿಸುವುದು ಕಷ್ಟ.

ಪ್ರಶ್ನೆ: ಗಾಳಿಯೂ ಬಿಸಿಲೂ ಎದುರುಬದುರಾಗಿದ್ದರೆ ಮನೆಗೆ ವಾಪಸ್ ಬರುವುದೇ?

ಉತ್ತರ: ಬೇಡ. ಅಂಥ ದಿನ ಮಾಡುವ ಕೆಲಸ ಬೇರೆ, ಅಷ್ಟೆ.

ಒಂದು, ಪಕ್ಕಕ್ಕೆ ಹೋಗಿ. ಗಾಳಿ ಒಂದು ಕಡೆ, ಸೂರ್ಯ ಇನ್ನೊಂದು ಕಡೆ ಇದ್ದಾಗ ಇಬ್ಬರಿಗೂ ಅಡ್ಡಲಾಗಿ ನಿಂತರೆ ಹಕ್ಕಿಯ ಪೂರ್ತಿ ಪಕ್ಕದ ನೋಟ ಸಿಗುತ್ತದೆ. ಬೆಳಕು ಬಾಲದ ಕಡೆಯಿಂದ ಬರುತ್ತದೆ, ಮುಖ ಸ್ವಲ್ಪ ಮಂಕು, ಆದರೆ ರೆಕ್ಕೆಯ ಅಂಚು ಹೊಳೆಯುತ್ತದೆ.

ಎರಡು, ಸೂರ್ಯನಿಗೇ ಮುಖ ಮಾಡಿ. ಆಗ ಗಾಳಿ ನಿಮ್ಮ ಬೆನ್ನಿಗೆ ಬಂತು, ಹಕ್ಕಿ ನಿಮ್ಮ ಕಡೆಗೇ ಇಳಿಯುತ್ತದೆ, ಬೆಳಕು ಅದರ ಹಿಂದಿನಿಂದ. ಮುಂಜಾನೆಯ ಕೆಂಪು ಬೆಳಕಿನಲ್ಲಿ ಬೆಳ್ಳಕ್ಕಿ ರೆಕ್ಕೆ ಪೂರ್ತಿ ಬಿಚ್ಚಿದಾಗ ಒಮ್ಮೆ ನೋಡಿ. ರೆಕ್ಕೆಯ ತುದಿಯ ಗರಿಗಳಲ್ಲಿ ಬೆಳಕು ತೂರಿ ಬರುತ್ತದೆ, ಒಂದರ ಮೇಲೊಂದು ಗರಿ ಕೂತ ಕಡೆ ಮಾತ್ರ ಗಾಢವಾಗಿ ಕಾಣುತ್ತದೆ, ಪ್ರತಿ ಗರಿಯ ನಡುವಿನ ಕಡ್ಡಿಯನ್ನೂ ಎಣಿಸಬಹುದು. ಹಿನ್ನೆಲೆಯಲ್ಲಿ ನೆರಳಿನ ಮರಗಳಿದ್ದರೆ ಇನ್ನೂ ಚೆಂದ. ಎದುರು ಬೆಳಕಿನ ಇಂಥ ಒಂದು ಫೋಟೋ, ಬೆನ್ನ ಬೆಳಕಿನ ಹತ್ತು ಫೋಟೋಗೆ ಸಮ ಅಂತ ನನ್ನ ಅನಿಸಿಕೆ.

ಮೂರು, ಗಿರಕಿ ಹೊಡೆಯುವ ಹದ್ದು, ಗಿಡುಗಗಳ ಕಡೆ ತಿರುಗಿ. ಬಿಸಿ ಗಾಳಿ ಮೇಲೇಳುವ ಕಡೆ ಅವು ಸುತ್ತುತ್ತಾ ಏರುತ್ತವೆ, ಹಾಗಾಗಿ ಎಲ್ಲ ದಿಕ್ಕಿಗೂ ಮುಖ ತಿರುಗುತ್ತಾ ಇರುತ್ತದೆ. ಸುತ್ತುವಾಗ ಹಕ್ಕಿ ಸುತ್ತಿನ ಒಳಕ್ಕೆ ವಾಲುತ್ತದೆ. ನಿಮಗಿಂತ ದೂರದ ಬದಿಯಲ್ಲಿರುವಾಗ ಬೆನ್ನಿನ ಮೇಲ್ಮೈ ನಿಮಗೆ ಕಾಣುತ್ತದೆ, ಹತ್ತಿರದ ಬದಿಗೆ ಬಂದಾಗ ಹೊಟ್ಟೆ. ಎರಡು ಸುತ್ತು ಸುಮ್ನೆ ನೋಡಿ, ಎಲ್ಲಿ ಬೆಳಕು ಸರಿಯಾಗಿ ಬೀಳುತ್ತದೆ ಅಂತ ಗುರುತು ಮಾಡಿಕೊಳ್ಳಿ, ಮೂರನೇ ಸುತ್ತಿಗೆ ಅಲ್ಲೇ ಕಾಯಿರಿ.

ಕಡಲ ತೀರದವರಿಗೆ ಒಂದು ಮಾತು. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿಂದ ನೆಲಕ್ಕೆ ಬೀಸುತ್ತದೆ, ರಾತ್ರಿಯಿಂದ ನಸುಕಿನ ತನಕ ನೆಲದಿಂದ ಕಡಲಿಗೆ. ನಿಮ್ಮ ತೀರ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಇದು ದೊಡ್ಡ ಅನುಕೂಲ. ಬೆಳಗ್ಗೆ ಸೂರ್ಯ ಮತ್ತು ಗಾಳಿ ಎರಡೂ ನೆಲದ ಕಡೆಯಿಂದ, ಸಂಜೆ ಎರಡೂ ಕಡಲ ಕಡೆಯಿಂದ. ಬೆಳಗ್ಗೆ ನೆಲಕ್ಕೆ ಬೆನ್ನು, ಸಂಜೆ ನೀರಿಗೆ ಬೆನ್ನು. ತೀರ ಪೂರ್ವಕ್ಕಿದ್ದರೆ ಇದೇ ಲೆಕ್ಕ ಎರಡು ಹೊತ್ತೂ ತಿರುವುಮುರುವು. ಆಗ ಮೇಲೆ ಹೇಳಿದ ಎರಡನೇ ದಾರಿ ಹಿಡಿಯಿರಿ.

ಪ್ರಶ್ನೆ: ಗಾಳಿ ಜಾಸ್ತಿ ಇದ್ದ ದಿನ ಒಂದೂ ಫೋಟೋ ಶಾರ್ಪ್ ಬರುವುದಿಲ್ಲ. ಟ್ರೈಪಾಡ್ ಇದೆ, ಲೆನ್ಸ್‌ನಲ್ಲಿ ಸ್ಟೆಬಿಲೈಸೇಷನ್ ಇದೆ. ಶಟರ್ ಎಷ್ಟು ಇಡಬೇಕು?

ಉತ್ತರ: ಮೊದಲು ಟ್ರೈಪಾಡ್ ವಿಷಯ ಹೇಳುತ್ತೇನೆ, ಯಾಕೆಂದರೆ ಅಲ್ಲಿ ನಾನೇ ಏಟು ತಿಂದಿದ್ದೇನೆ. ಬಯಲಿನಲ್ಲಿ ಒಂದು ಸಂಜೆ, 600 ಎಂಎಂ ಲೆನ್ಸ್, ದಪ್ಪ ಟ್ರೈಪಾಡ್, ನಡುವಿನ ಕಂಬ ಪೂರ್ತಿ ಎತ್ತಿದ್ದೆ. ರಾಮದಾಸ ಹದ್ದು ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿತ್ತು, ಬೆಳಕು ಹೊನ್ನಿನ ಹಾಗಿತ್ತು. ಮನೆಗೆ ಬಂದು ನೋಡಿದರೆ ಕಣ್ಣಿಗೆ ಎರಡೆರಡು ಅಂಚು. ನೂರಾರು ಫ್ರೇಮುಗಳಲ್ಲಿ ಒಂದೂ ಉಳಿಯಲಿಲ್ಲ. ಎಷ್ಟೋ ದಿನ ಆ ಬೇಸರ ಹೋಗಲಿಲ್ಲ. ತಪ್ಪು ಮಾಡಿದ್ದು ಲೆನ್ಸ್ ಹುಡ್, ಅಂದರೆ ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಹಾಕುವ ಕೊಳವೆ. ಉದ್ದ ಲೆನ್ಸಿನ ಹುಡ್ ಗಾಳಿಗೆ ಹಾಯಿಯ ಹಾಗೆ ಕೆಲಸ ಮಾಡುತ್ತದೆ, ಇಡೀ ಲೆನ್ಸ್ ನಡುಗುತ್ತದೆ.

ಹಾಗಾಗಿ ಜೋರು ಗಾಳಿಯಲ್ಲಿ ಬಿಸಿಲು ಪಕ್ಕದಿಂದ ಗಾಜಿಗೆ ಬೀಳದಿದ್ದರೆ ಹುಡ್ ತೆಗೆಯಿರಿ, ಇಲ್ಲವೇ ತಿರುಗಿಸಿ ಹಾಕಿ. ಟ್ರೈಪಾಡ್ ಕಾಲು ಅಗಲಿಸಿ, ಕೆಳಗಿಳಿಸಿ. ನಡು ಕಂಬ ಎತ್ತಲೇಬೇಡಿ. ಬ್ಯಾಗ್ ತೂಗುಹಾಕುವುದಾದರೆ ಅದು ನೆಲ ಮುಟ್ಟಿರಲಿ, ಗಾಳಿಗೆ ತೂಗಾಡುವ ಬ್ಯಾಗ್ ಇನ್ನಷ್ಟು ಅಲುಗಿಸುತ್ತದೆ. ನಾನಂತೂ ಈಗ ನೆಲದ ಮೇಲೆ ಮಲಗಿಬಿಡುತ್ತೇನೆ. ನೆಲದ ಹತ್ತಿರ ಗಾಳಿಯೂ ಕಮ್ಮಿ.

ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಹಕ್ಕಿ ಕೂತ ಕೊಂಬೆಯ ಓಲಾಟವನ್ನು ತಡೆಯುವುದಿಲ್ಲ. ಅದಕ್ಕೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಒಂದೇ ಮದ್ದು. ತೂಗುವ ಕೊಂಬೆಯ ಮೇಲಿನ ಹಕ್ಕಿಗೆ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಹಾರುವ ಹಕ್ಕಿಗೆ 1/2000ದಿಂದ ಶುರು ಮಾಡಿ, ರೆಕ್ಕೆ ಪಟಪಟ ಬಡಿಯುವ ಸಣ್ಣ ಹಕ್ಕಿಗೆ 1/3200. ಇದಕ್ಕಾಗಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿದರೆ ಏರಲಿ. ಕಾಳುಕಾಳಾಗಿ ಬಂದ ಫೋಟೋವನ್ನು ಸರಿ ಮಾಡಬಹುದು, ಅಲುಗಿದ್ದನ್ನು ಆಗುವುದಿಲ್ಲ.

ಇನ್ನು ಗಾಳಿ ಬರೀ ಕಾಟ ಅಂತ ತಿಳಿಯಬೇಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ 20 ಕಿಲೋಮೀಟರ್ ಗಾಳಿಗೆ ಎದುರು ಬಂದರೆ ನೆಲದ ಲೆಕ್ಕದಲ್ಲಿ ಅದರ ವೇಗ ಬರೀ 20. ಅದೇ ಹಕ್ಕಿ ಗಾಳಿಯ ಜೊತೆ ಹೋದರೆ 60. ಮೂರು ಪಟ್ಟು! ಜೊತೆಗೆ ಹೋಗುವ ಹಕ್ಕಿಯನ್ನು ಬಿಟ್ಟುಬಿಡಿ, ಎದುರು ಬರುವುದನ್ನು ಹಿಡಿಯಿರಿ. ಕೆಸ್ಟ್ರೆಲ್ ಅನ್ನುವ ಚಿಕ್ಕ ಬೇಟೆ ಹಕ್ಕಿ ಗಾಳಿಯ ವೇಗಕ್ಕೆ ಸರಿಯಾಗಿ ತನ್ನ ವೇಗ ಹೊಂದಿಸಿಕೊಂಡು ಆಕಾಶದಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ. ರೆಕ್ಕೆ, ಬಾಲ ಎಲ್ಲ ಕ್ಷಣಕ್ಷಣಕ್ಕೂ ಅಲುಗುತ್ತಿದ್ದರೂ ತಲೆ ಮಾತ್ರ ಕದಲುವುದಿಲ್ಲ. ಆಟೋಫೋಕಸ್ ಪಾಯಿಂಟನ್ನು ಆ ತಲೆಯ ಮೇಲೆ ಇಡಿ, ಅಷ್ಟೇ ಸಾಕು.

ಪ್ರಶ್ನೆ: ಬೆಳ್ಳಕ್ಕಿ ಸುಣ್ಣದ ಹಾಗೆ ಬರುತ್ತದೆ, ನೀರುಕಾಗೆ ಇದ್ದಿಲಿನ ಹಾಗೆ. ಗರಿಯೇ ಕಾಣುವುದಿಲ್ಲ. ಆಟೋದಲ್ಲೇ ತೆಗೆಯುತ್ತೇನೆ.

ಉತ್ತರ: ಕ್ಯಾಮೆರಾಗೆ ಹಕ್ಕಿ ಗೊತ್ತಿಲ್ಲ. ಅದು ಇಡೀ ಚಿತ್ರವನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹಕ್ಕಿ ಇದ್ದರೆ ಕಪ್ಪನ್ನು ಎತ್ತಲು ಹೋಗಿ ಹಕ್ಕಿಯನ್ನು ಸುಡುತ್ತದೆ, ಅಲ್ಲಿ ಎಕ್ಸ್‌ಪೋಷರ್ ಕಡಿಮೆ ಮಾಡಿ. ಬಿಳಿ ಆಕಾಶದ ಮುಂದೆ ಯಾವುದೇ ಹಕ್ಕಿ ಇದ್ದರೂ ಹಕ್ಕಿ ಕಪ್ಪಾಗುತ್ತದೆ, ಅಲ್ಲಿ ಒಂದು, ಒಂದೂವರೆ ಸ್ಟಾಪ್ ಜಾಸ್ತಿ ಮಾಡಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು, ಕಡಿಮೆ ಅಂದರೆ ಅರ್ಧ).

ಆದರೆ ಹಾರುವ ಹಕ್ಕಿಯ ಹಿಂದೆ ಈಗ ಮರ, ಈಗ ನೀರು, ಈಗ ಆಕಾಶ. ಅದನ್ನು ಹಿಂಬಾಲಿಸುತ್ತಾ ಪ್ಲಸ್ ಮೈನಸ್ ಮಾಡಲು ಯಾರಿಗೆ ಸಾಧ್ಯ? ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ಅಲ್ವಾ. ಅದಕ್ಕೇ ಮ್ಯಾನುವಲ್, ಅಂದರೆ ಎಲ್ಲವನ್ನೂ ನೀವೇ ಹೊಂದಿಸುವುದು. ಹಳೇ ಸೂತ್ರ ಒಂದಿದೆ: ನಿಚ್ಚಳ ಬಿಸಿಲಲ್ಲಿ ಲೆನ್ಸಿನ ಕಿಂಡಿ ಎಫ್ 16 ಇಟ್ಟರೆ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್ಒ 400ಕ್ಕೆ ಶಟರ್ 1/400. ಎಫ್ 8ಕ್ಕೆ ತೆರೆದರೆ 1/1600, ಎಫ್ 5.6 ಆದರೆ 1/3200. ಬಿಳಿ ಹಕ್ಕಿಗೆ ಇದರಿಂದ ಒಂದು ಸ್ಟಾಪ್ ತನಕ ಕಡಿಮೆ ಮಾಡಿ, ಕಪ್ಪು ಹಕ್ಕಿಗೆ ಸ್ವಲ್ಪ ಜಾಸ್ತಿ. ಸೂರ್ಯ ಆಗಷ್ಟೇ ಮೇಲೆದ್ದಿದ್ದರೆ ಬೆಳಕು ಇನ್ನೂ ಕಡಿಮೆ, ಒಂದೆರಡು ಸ್ಟಾಪ್ ತೆರೆಯಬೇಕು. ಒಂದು ಫೋಟೋ ತೆಗೆದು, ಬೆಳಕು ಮಿತಿ ಮೀರಿದ ಕಡೆ ಕ್ಯಾಮೆರಾ ತೋರಿಸುವ ಮಿಣಮಿಣ ಎಚ್ಚರಿಕೆ ಬೆಳ್ಳಕ್ಕಿಯ ಎದೆಯ ಮೇಲೆ ಬರುತ್ತದಾ ನೋಡಿ, ಸರಿಪಡಿಸಿ, ಆಮೇಲೆ ಮುಟ್ಟಬೇಡಿ. ಮೋಡ ಅಡ್ಡ ಬಂದಾಗ ಮಾತ್ರ ಮತ್ತೆ ನೋಡಿ.

ಪ್ರಶ್ನೆ: ಮಧ್ಯಾಹ್ನ ದೂರದ ಹಕ್ಕಿ ತೆಗೆದರೆ ನೀರಿನಲ್ಲಿ ಅದ್ದಿದ ಹಾಗೆ ಬರುತ್ತದೆ. ಲೆನ್ಸ್ ಕೆಟ್ಟಿದೆಯಾ?

ಉತ್ತರ: ಲೆನ್ಸ್ ಅಲ್ಲ, ನಡುವಿನ ಗಾಳಿ. ಕಾದ ನೆಲದಿಂದ ಬಿಸಿ ಗಾಳಿ ಏಳುತ್ತದೆ, ಬಿಸಿ ಮತ್ತು ತಂಪು ಗಾಳಿಯ ಪದರಗಳಲ್ಲಿ ಬೆಳಕು ಬೇರೆ ಬೇರೆ ಥರ ಬಾಗುತ್ತದೆ. ಉದ್ದ ಲೆನ್ಸ್ ಆ ಅಲುಗಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಪರೀಕ್ಷೆ ಮಾಡಲು ಅಷ್ಟೇ ದೂರದ ಕಲ್ಲೊಂದನ್ನು ಒಂದರ ಹಿಂದೊಂದು ಸತತವಾಗಿ, ಅಂದರೆ ಬರ್ಸ್ಟ್‌ನಲ್ಲಿ ತೆಗೆಯಿರಿ. ಪ್ರತಿ ಫ್ರೇಮಿನಲ್ಲೂ ಕಲ್ಲಿನ ಅಂಚು ಬೇರೆ ಬೇರೆ ಥರ ಬಂದರೆ ಅದು ಗಾಳಿಯದೇ ಕೆಲಸ. ಚಳಿಯ ಮುಂಜಾನೆ ಬೆಚ್ಚನೆ ನೀರಿನ ಮೇಲೂ ಹೀಗಾಗುತ್ತದೆ. ಕಾರಿನ ಬಿಸಿ ಹೊರಬರುವ ಕಿಟಕಿಯಿಂದ ತೆಗೆದರೂ ಆಗುತ್ತದೆ. ದುಬಾರಿ ಲೆನ್ಸ್ ಕೊಂಡರೂ ಇದಕ್ಕೆ ಪರಿಹಾರ ಇಲ್ಲ, ಹತ್ತಿರದ ಹಕ್ಕಿಯನ್ನು ತೆಗೆಯಬೇಕು, ಇಲ್ಲವೇ ಬೇರೆ ಹೊತ್ತಿನಲ್ಲಿ ಬರಬೇಕು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಯಿತು ಅಂದರೆ ಸೂರ್ಯ 45 ಡಿಗ್ರಿ ದಾಟಿದ. ಕೊಕ್ಕಿನ ಕೆಳಗೆ, ರೆಕ್ಕೆಯ ಕೆಳಗೆ ಕಪ್ಪು ನೆರಳು ಬೀಳುವುದೂ ಆಗಲೇ. ತಿಳಿ ಮರಳು, ನೀರು ಅಥವಾ ಹಿಮದ ಮೇಲೆ ಹಾರುವ ಹಕ್ಕಿ ಇದ್ದರೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ, ಕೆಳಗಿನಿಂದ ಎದ್ದ ಬೆಳಕು ರೆಕ್ಕೆಯ ಅಡಿಯನ್ನು ತುಂಬುತ್ತದೆ.

ಪ್ರಶ್ನೆ: ಮೋಡ ಮುಚ್ಚಿದ ದಿನ ಹೋಗಿ ಪ್ರಯೋಜನ ಇದೆಯಾ?

ಉತ್ತರ: ಖಂಡಿತ ಹೋಗಿ. ಮೋಡ ತೆಳ್ಳಗಿದ್ದರೆ ಇಡೀ ಆಕಾಶವೇ ದೀಪ. ಸೂರ್ಯನ ದಿಕ್ಕಿನ ಚಿಂತೆ ಬಹುಪಾಲು ಹೋಯಿತು, ಗಾಳಿಯ ದಿಕ್ಕೊಂದನ್ನು ನೋಡಿಕೊಂಡರೆ ಆಯಿತು. ಬಿಳಿ ಹಕ್ಕಿ, ಕಪ್ಪು ಹಕ್ಕಿ, ಕಾಡಿನೊಳಗಿನ ಹಕ್ಕಿ, ಮೂರಕ್ಕೂ ಇದೇ ಒಳ್ಳೆ ದಿನ. ಬರೀ ಬಿಳಿ ಆಕಾಶ ಹಿನ್ನೆಲೆಗೆ ಬರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಜೊತೆ ಬರುವವರೊಬ್ಬರು ಬೆಳಕು, ಗಾಳಿ ಸರಿ ಇದ್ದಾಗ ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಹಾರುವ ಫೋಟೋ ಸಿಗುತ್ತದೆ ನಿಜ. ನನಗೆ ಸರಿ ಅನ್ನಿಸುವುದಿಲ್ಲ.

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ. ದಯವಿಟ್ಟು ಅವರಿಗೆ ಹೇಳಿ. ಹೆದರಿ ಎದ್ದ ಹಕ್ಕಿ ಸುಮ್ಮನೆ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ಜೋರಿರುವ ಚಳಿಯ ದಿನ ಅದು ದೊಡ್ಡ ನಷ್ಟ. ಗೂಡು, ಮೊಟ್ಟೆ ಇದ್ದರಂತೂ ಮಾತಾಡುವ ಹಾಗೇ ಇಲ್ಲ. ಫೋಟೋದ ಲೆಕ್ಕದಲ್ಲೂ ನಷ್ಟವೇ, ಯಾಕೆಂದರೆ ಹೆದರಿದ ಹಕ್ಕಿ ಹೆದರಿಸಿದವರಿಗೆ ಬೆನ್ನು ತೋರಿಸಿ ಓಡುತ್ತದೆ.

ತಾನಾಗಿ ಹಾರುವ ಹಕ್ಕಿ ಮೊದಲೇ ಸುಳಿವು ಕೊಡುತ್ತದೆ. ಗಾಳಿಯ ಕಡೆ ತಿರುಗಿ ಮೈ ಮುಂದಕ್ಕೆ ಬಾಗಿಸುತ್ತದೆ, ಕಾಲು ಮಡಚುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಇದಾದ ಕೂಡಲೇ ಬೆರಳು ಬಟನ್ ಮೇಲಿರಲಿ, ಹಕ್ಕಿಯ ಮುಂದೆ ಫ್ರೇಮಿನಲ್ಲಿ ಜಾಗ ಬಿಡಿ. ನಾಮದ ಕೋಳಿ, ನೀರುಕಾಗೆಗಳು ನೀರಿನಿಂದ ಏಳಲು ಗಾಳಿಗೆ ಎದುರಾಗಿ ಒಂದಷ್ಟು ದೂರ ನೀರು ಚಿಮ್ಮಿಸುತ್ತಾ ಓಡಬೇಕು. ಅವು ಯಾವ ಕಡೆ ಓಡುತ್ತವೆ ಅಂತ ನಿಮಗೆ ಈಗ ಗೊತ್ತು. ಆ ಕಡೆ ಹೋಗಿ ಕೂತು ಕಾಯಿರಿ.

ಪ್ರಶ್ನೆ: ಸೂರಕ್ಕಿ ಕಣ್ಣಿಗೆ ನೇರಳೆ, ನೀಲಿ ಅಂತ ಮಿಂಚುತ್ತದೆ. ಫೋಟೋದಲ್ಲಿ ಕರ್ರಗೆ. ಅದೇ ಮಿಂಚುಳ್ಳಿಯ ನೀಲಿ ಯಾವಾಗಲೂ ಬರುತ್ತದೆ. ಯಾಕೆ?

ಉತ್ತರ: ತುಂಬಾ ಒಳ್ಳೆ ಪ್ರಶ್ನೆ. ಎರಡರಲ್ಲೂ ನೀಲಿ ಬಣ್ಣದ ಪುಡಿ ಅನ್ನುವುದು ಇಲ್ಲವೇ ಇಲ್ಲ, ಗರಿಯ ಒಳಗಿನ ಅತಿ ಸಣ್ಣ ರಚನೆಗೆ ಬೆಳಕು ತಾಗಿ ಹುಟ್ಟುವ ಬಣ್ಣ ಅದು. ಮಿಂಚುಳ್ಳಿಯ ಗರಿಯಲ್ಲಿ ಆ ರಚನೆ ಸ್ಪಂಜಿನ ಥರ ಅಡ್ಡಾದಿಡ್ಡಿ, ಹಾಗಾಗಿ ನೀಲಿ ಎಲ್ಲ ಕಡೆಗೂ ಚೆಲ್ಲುತ್ತದೆ. ಸೂರಕ್ಕಿಯ ಗರಿಯಲ್ಲಿ ಅದು ಒಂದರ ಮೇಲೊಂದು ಜೋಡಿಸಿದ ಪದರ, ಸೋಪಿನ ಗುಳ್ಳೆಯ ಬಣ್ಣದ ಹಾಗೆ. ಒಂದು ಕೋನದಲ್ಲಿ ಮಾತ್ರ ಬೆಳಕು ನಿಮ್ಮ ಕಡೆ ತಿರುಗುತ್ತದೆ, ಆ ಕೋನ ತಪ್ಪಿದರೆ ಕಾಣುವುದು ಕಪ್ಪು.

ಸೂರಕ್ಕಿ ಕೊಂಬೆ ತುದಿಯಲ್ಲಿ ಕೂತು ಹಾಡುವಾಗ ಹತ್ತಿರದಿಂದ ನೋಡಿ. ತಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಸಲವೂ ಕಪ್ಪು ಗಂಟಲಲ್ಲಿ ಒಂದು ಕ್ಷಣ ಹಸಿರು ಹತ್ತಿ, ನೇರಳೆಗೆ ತಿರುಗಿ, ಆರಿಹೋಗುತ್ತದೆ. ಸೂರ್ಯ ನಿಮ್ಮ ಬೆನ್ನಿಗೆ ನೇರವಾಗಿ, ತಗ್ಗಿನಲ್ಲಿ ಇದ್ದರೆ, ಅಂದರೆ ನಿಮ್ಮ ನೆರಳಿನ ತಲೆ ಹಕ್ಕಿಯ ಕಡೆಗೇ ಬೆರಳು ತೋರಿಸುವ ಹಾಗಿದ್ದರೆ, ಅದು ನಿಮ್ಮತ್ತ ತಿರುಗಿದ ಪ್ರತಿ ಸಲವೂ ಬಣ್ಣ ಹತ್ತುತ್ತದೆ. ಹೂಬಿಟ್ಟ ಗಿಡ ಒಂದನ್ನು ಆರಿಸಿಕೊಳ್ಳಿ. ಗಾಳಿ ಜೋರಿದ್ದರೆ ಸಣ್ಣ ಹಕ್ಕಿಗಳು ಗಿಡದ ಮರೆಯ ಬದಿಗೆ ಸರಿದುಬಿಡುತ್ತವೆ, ಅದಕ್ಕೆ ಮೆಲ್ಲನೆ ಗಾಳಿ ಇರುವ ಬೆಳಗು ಬೇಕು. ಆ ಮೆಲುಗಾಳಿಯೂ ನಿಮ್ಮ ಬೆನ್ನಿಂದಲೇ ಬರುತ್ತಿದ್ದರೆ ಹಕ್ಕಿ ಕೂರುವುದೂ ನಿಮ್ಮ ಕಡೆಗೇ. 1/1600, ಬರ್ಸ್ಟ್, ಗಂಟಲಿನ ಮೇಲೆ ಕಣ್ಣಿಡಿ, ಹಸಿರು ಕಂಡ ತಕ್ಷಣ ಒತ್ತಿ.